ಪುಣೆಯ ಮನೆಗಳಲ್ಲಿ ತಂಪು, ಬಿಸಿ ಮತ್ತು ಒಳಗಿನ ಗಾಳಿ

ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ, ಮುಳಾ ಮತ್ತು ಮುಠಾ ನದಿಗಳ ಸಂಗಮದ ಸುತ್ತ ಬೆಳೆದ ಪುಣೆಯಲ್ಲಿ ಮನೆ ತಂಪಾಗಿಸುವ ಯಂತ್ರಗಳು ವರ್ಷಕ್ಕೆ ಮೂರು ತಿಂಗಳು ದುಡಿಯುತ್ತವೆ, ಮಿಕ್ಕ ತಿಂಗಳು ಬಹುತೇಕ ಸುಮ್ಮನಿರುತ್ತವೆ. ಕೋಣೆ ಬೆಚ್ಚಗಾಗಿಸುವ ವ್ಯವಸ್ಥೆ ಇಲ್ಲವೆಂದೇ ಹೇಳಬೇಕು. ಬಿಸಿ ಎಂದರೆ ಇಲ್ಲಿ ಬಚ್ಚಲಿನ ಗೀಸರ್. ಅಮೆರಿಕ, ಕೆನಡಾಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಮನೆಯ ಗಾಳಿ ನೋಡಿಕೊಳ್ಳುವುದೆಂದರೆ ನೆಲಮಾಳಿಗೆಯ ಫರ್ನೇಸು, ಮನೆಯಿಡೀ ಹರಡಿದ ಅದರ ಕೊಳವೆಗಳು, ಎರಡು ಮೂರು ತಿಂಗಳಿಗೊಮ್ಮೆ ಬದಲಿಸುವ ಫಿಲ್ಟರ್. ಪುಣೆಯ ಫ್ಲಾಟಿಗೆ ಆ ಪಾಠ ಅರ್ಧವೂ ಹೊಂದುವುದಿಲ್ಲ. ಇಲ್ಲಿ ಯಂತ್ರ ಓಡುವಾಗ ಕೆಡುವುದಕ್ಕಿಂತ ಮಳೆಗಾಲದಲ್ಲಿ ತೇವ ಹೀರಿಕೊಂಡು ಸುಮ್ಮನೆ ಕೂತಾಗ ಕೆಡುವುದೇ ಹೆಚ್ಚು. ಮೇಲಾಗಿ ಗೋಡೆಯ ಮೇಲಿನ ಏಸಿ ಹೊರಗಿನ ಗಾಳಿಯನ್ನು ಒಳಗೆ ತರುವುದೇ ಇಲ್ಲ. ಹೀಗಾಗಿ ಈ ಊರಿನಲ್ಲಿ ಸರ್ವಿಸಿಂಗ್ ಎಂಬುದು ಫಿಲ್ಟರ್ ತೊಳೆಯುವುದರ ಜೊತೆಗೆ ನೀರು ನಿಲ್ಲುವ ಜಾಗಗಳ ಮತ್ತು ಕಿಟಕಿಗಳ ವಿಚಾರವೂ ಹೌದು.

ಹವೆ

ಭಾರತದ ಹವಾಮಾನ ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಶಿಮ್ಲಾದಿಂದ ಪುಣೆಗೆ ಬಂತು. ಶಿವಾಜಿನಗರದ ಆ ಕಟ್ಟಡವನ್ನು ಜನ ಇಂದಿಗೂ ಶಿಮ್ಲಾ ಆಫೀಸು ಎಂದೇ ಕರೆಯುತ್ತಾರೆ. ನಗರದ ದಾಖಲೆಯಲ್ಲಿ ಅತಿ ಹೆಚ್ಚಿನ ಉಷ್ಣತೆ 1897ರ ಏಪ್ರಿಲ್ 30ರ 43.3 ಡಿಗ್ರಿ, ಅತಿ ಕಡಿಮೆ 1935ರ ಜನವರಿ 17ರ 1.7 ಡಿಗ್ರಿ ಸೆಲ್ಸಿಯಸ್. ಇವು ಅಪರೂಪದ ತುದಿಗಳು. ಸಾಮಾನ್ಯ ವರ್ಷದಲ್ಲಿ ಏಪ್ರಿಲ್ ಮಧ್ಯಾಹ್ನ 38ರ ಆಸುಪಾಸು, ಡಿಸೆಂಬರ್ ರಾತ್ರಿ 10–12ರ ಆಸುಪಾಸು. ಬೇಸಿಗೆಯ ಗಾಳಿ ಒಣಗಾಳಿ. ಜೂನ್ ಎರಡನೆಯ ವಾರದ ಹೊತ್ತಿಗೆ ಅದೇ ಗಾಳಿ ನೀರು ತುಂಬಿಕೊಂಡು ಬರುತ್ತದೆ, ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದು, ಬೀರುವಿನಲ್ಲಿಟ್ಟ ಚರ್ಮದ ಚೀಲಕ್ಕೆ ಬೂಷ್ಟು ಹಿಡಿಯುತ್ತದೆ. ಚಳಿಗಾಲದಲ್ಲಿ ಮೂರನೆಯ ತೊಂದರೆ: ರಾತ್ರಿ ನೆಲ ತಣ್ಣಗಾಗಿ, ತಂಪು ಗಾಳಿ ಕೆಳಗೆ ಕೂತು, ಅದರ ಮೇಲೆ ಬೆಚ್ಚನೆಯ ಪದರ ಮುಚ್ಚಳದಂತೆ ನಿಲ್ಲುತ್ತದೆ. ವಾಹನದ ಹೊಗೆ, ಕಟ್ಟಡ ಕಾಮಗಾರಿಯ ಧೂಳು, ಸೊಸೈಟಿಯ ಗೇಟಿನ ಬಳಿ ಕಾವಲುಗಾರರು ಹಾಕುವ ಬೆಂಕಿಯ ಹೊಗೆ ಎಲ್ಲವೂ ಆ ಮುಚ್ಚಳದ ಕೆಳಗೆ ಉಳಿದು, ಬಿಸಿಲು ಏರಿದ ಮೇಲಷ್ಟೇ ಚದುರುತ್ತವೆ.

ಮೂರು ಕಾಲಕ್ಕೆ ಮೂರು ಬಗೆಯ ತೊಂದರೆ ಇರುವುದರಿಂದ, ದೆಹಲಿಗೆ ಬರೆದ ಸಲಹೆಯಾಗಲಿ ಮುಂಬೈಗೆ ಬರೆದ ಸಲಹೆಯಾಗಲಿ ಪುಣೆಗೆ ಹಾಗೆಯೇ ಸಲ್ಲುವುದಿಲ್ಲ. ಬೆಳಗಾವಿ, ಧಾರವಾಡದವರಿಗೆ ಈ ಹವೆ ಅಷ್ಟು ಹೊಸತಲ್ಲ; ಮಂಗಳೂರಿನಿಂದಲೋ ಕಲಬುರಗಿಯಿಂದಲೋ ಬಂದವರು ಮಾತ್ರ ಹೊಸದಾಗಿ ಕಲಿಯಬೇಕಾಗುತ್ತದೆ.

ವಾಡೆಯಿಂದ ಫ್ಲಾಟಿಗೆ

ಹಳೆಯ ಪೇಠೆಗಳ ವಾಡೆಗಳಲ್ಲಿ ಯಂತ್ರವಿಲ್ಲದೆಯೇ ಗಾಳಿ ಬದಲಾಗುತ್ತಿತ್ತು. ಇಟ್ಟಿಗೆ ಮಣ್ಣಿನ ದಪ್ಪ ಗೋಡೆ ಹಗಲಿನ ಕಾವನ್ನು ತಡೆಹಿಡಿಯುತ್ತಿತ್ತು. ನಮ್ಮ ತೊಟ್ಟಿಮನೆಯ ತೊಟ್ಟಿಯ ಕೆಲಸವನ್ನು ಅಲ್ಲಿ ಚೌಕ ಮಾಡುತ್ತಿತ್ತು: ಬಿಸಿಗಾಳಿ ಚೌಕದಿಂದ ಮೇಲೇರಿ ಹೋಗುವಾಗ ಸುತ್ತಲ ಕೋಣೆಗಳ ಗಾಳಿ ಅದರ ಹಿಂದೆ ಹೊರಡುತ್ತಿತ್ತು. ಪೇಶ್ವೆ ಎರಡನೆಯ ಬಾಜೀರಾಯನ ವಿಶ್ರಾಮಬಾಗ್ ವಾಡೆಯ ಚೌಕದಲ್ಲಿ ಮೇ ತಿಂಗಳ ಮಧ್ಯಾಹ್ನ ನಿಂತರೆ ಈಗಲೂ ಇದು ತಿಳಿಯುತ್ತದೆ. 1817ರ ಖಡಕಿ ಯುದ್ಧದ ಬಳಿಕ ಬೆಳೆದ ದಂಡುಪ್ರದೇಶದಲ್ಲಿ ಬ್ರಿಟಿಷರ ಬಂಗಲೆಗಳು ಬಂದವು. ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಎರಚುವುದು ಆ ಕಾಲದ ಬಂಗಲೆಗಳ ರೂಢಿ. ಲಾವಂಚ ತುಂಬಿದ ಪೆಟ್ಟಿಗೆಯೊಳಗಿನ ಚಕ್ರವನ್ನು ಆಳು ಕೈಯಿಂದ ತಿರುಗಿಸಿ ಗಾಳಿ ಬೀಸುವ ಯಂತ್ರವೂ ಬ್ರಿಟಿಷ್ ಭಾರತದಲ್ಲಿ ಬಳಕೆಯಲ್ಲಿತ್ತು. ಇಂದಿನ ಕೂಲರ್ ಇದರ ಮೊಮ್ಮಗ. ಅಂದಿನ ತಟ್ಟಿ ನೀರೆರಚಿದಾಗ ಒದ್ದೆಯಾಗಿ ಆಮೇಲೆ ಒಣಗುತ್ತಿತ್ತು. ಇಂದಿನ ಪ್ಯಾಡು ಟ್ಯಾಂಕಿನ ಮೇಲೆ ಕೂತು ಒದ್ದೆಯಾಗಿಯೇ ಇರುತ್ತದೆ.

1961ರ ಜುಲೈ 12ರಂದು ಪಾನಶೆತ್ ಅಣೆಕಟ್ಟು ಒಡೆದು ನದಿದಂಡೆಯ ಪೇಠೆಗಳ ಬಹಳಷ್ಟು ವಾಡೆಗಳು ಬಿದ್ದವು. ಆಮೇಲಿನ ದಶಕಗಳಲ್ಲಿ ಊರು ಸೊಸೈಟಿ, ಫ್ಲಾಟುಗಳ ಕಡೆ ಹೊರಳಿತು. ಪುಣೆಯ ಫ್ಲಾಟಿನಲ್ಲಿ ಅಡುಗೆಮನೆಗೆ ಅಂಟಿಕೊಂಡ ಡ್ರೈ ಬಾಲ್ಕನಿ ಎಂಬ ಪುಟ್ಟ ಜಾಗವಿದೆ. ಮುಸುರೆ ತೊಳೆಯಲು, ವಾಷಿಂಗ್ ಮಷೀನಿಗೆ, ಗ್ಯಾಸ್ ಗೀಸರಿಗೆ, ಕೆಲವೆಡೆ ಏಸಿಯ ಔಟ್‌ಡೋರ್ ಯೂನಿಟ್ಟಿಗೂ ಅದೇ ಆಸರೆ. ಮನೆಯ ಗಾಳಿಯ ಹಣೆಬರಹ ಬಹುಪಾಲು ನಿರ್ಧಾರವಾಗುವುದು ಇಲ್ಲಿ. ಮಳೆ ನುಗ್ಗುತ್ತದೆಂದೋ ಪಾರಿವಾಳ ಬರುತ್ತದೆಂದೋ ಅದಕ್ಕೆ ಜಾರುಗಾಜು ಕೂರಿಸಿಕೊಂಡ ಮನೆಯವರು, ಯಾವ ಕಾರಣಕ್ಕೆ ಆ ಜಾಗ ತೆರೆದಿತ್ತೋ ಅದನ್ನೇ ಮುಚ್ಚಿರುತ್ತಾರೆ.

ಏಸಿ

ವಿಲಿಸ್ ಕ್ಯಾರಿಯರ್ 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದಕ್ಕೆ ರೂಪಿಸಿದ ಯಂತ್ರದ ಉದ್ದೇಶ ಗಾಳಿಯ ತೇವವನ್ನು ಹತೋಟಿಗೆ ತರುವುದಾಗಿತ್ತು. ಕಾಗದ ತೇವಕ್ಕೆ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಈ ಇತಿಹಾಸ ನೆನಪಿಟ್ಟರೆ ಏಸಿಯ ಕೊಳೆಯ ಮೂಲ ಬೇಗ ಅರ್ಥವಾಗುತ್ತದೆ. ಕೋಣೆಯ ಗಾಳಿ ತಣ್ಣನೆಯ ಕಾಯಿಲಿಗೆ ತಾಗಿದಾಗ ಅದರೊಳಗಿನ ತೇವ ನೀರಾಗಿ ಇಳಿಯುತ್ತದೆ. ಕಾಯಿಲಿನ ಅಲ್ಯೂಮಿನಿಯಂ ಎಲೆಗಳ ನಡುವಿನ ಸಂದು ಒಂದೆರಡು ಮಿಲಿಮೀಟರ್. ಜರಡಿ ತಪ್ಪಿಸಿಕೊಂಡು ಬಂದ ಧೂಳು, ಚರ್ಮದ ಹೊಟ್ಟು, ಒಗ್ಗರಣೆಯ ಎಣ್ಣೆಜಿಡ್ಡು ಈ ಒದ್ದೆ ಸಂದಿನಲ್ಲಿ ಅಂಟಿ ಬೂಷ್ಟಿಗೆ ಆಹಾರವಾಗುತ್ತವೆ.

ಒಳಗಿನ ಘಟಕವನ್ನು ಬಿಚ್ಚಿದಾಗ ಕಾಣುವ ದೃಶ್ಯ ಇದು: ಮೇಲಿನ ಪ್ಲಾಸ್ಟಿಕ್ ಜರಡಿ ಸಾಮಾನ್ಯವಾಗಿ ಚೊಕ್ಕವಾಗಿರುತ್ತದೆ, ಏಕೆಂದರೆ ಮನೆಯವರು ಅದೊಂದನ್ನು ತೊಳೆದಿರುತ್ತಾರೆ. ಅದರ ಹಿಂದಿನ ಕಾಯಿಲ್ ಮುಂಭಾಗದಲ್ಲಿ ಬೂದು, ಕೆಳತುದಿಯಲ್ಲಿ ಕಂದು. ಅದರಾಚೆ ಉದ್ದ ಉರುಳೆಯಾಕಾರದ ಬ್ಲೋವರ್. ಅದರ ಒಂದೊಂದು ರೆಕ್ಕೆಯ ಒಳಬಾಗಿನಲ್ಲಿ ಕಪ್ಪು ಚುಕ್ಕೆಗಳ ಪದರ. ಗಾಳಿ ಕೋಣೆಗೆ ಬರುವ ಮುನ್ನ ಕೊನೆಗೆ ಸವರಿಕೊಂಡು ಬರುವುದು ಈ ರೆಕ್ಕೆಗಳನ್ನೇ. ಕೆಳಗಿನ ತಟ್ಟೆಯಲ್ಲಿ ಬೆರಳಿಗೆ ಸಿಗುವ ಲೋಳೆ, ಡ್ರೇನ್ ಪೈಪಿನ ಬಾಯಲ್ಲಿ ಅದೇ ಲೋಳೆಯ ಬಿರಡೆ. ಏಸಿ ಹಾಕಿದ ಮೊದಲ ಐದು ನಿಮಿಷ ಒದ್ದೆ ಗೋಣಿಚೀಲದಂಥ ವಾಸನೆ ಬರುವುದೂ ಗೋಡೆಯ ಮೇಲೆ ನೀರು ಇಳಿಯುವುದೂ ಇದರಿಂದಲೇ. ಪೈಪು ಹೊರಗಡೆ ಇಳಿಜಾರಾಗಿರದೆ ನಡುವೆ ಎಲ್ಲೋ ಹೊಟ್ಟೆ ಬಿಟ್ಟಿದ್ದರೆ ಎಷ್ಟು ತೊಳೆದರೂ ಲೋಳೆ ಮತ್ತೆ ಕಟ್ಟುತ್ತದೆ.

ಸರ್ವಿಸಿನಲ್ಲಿ ಎರಡು ಬಗೆ ರೂಢಿಯಲ್ಲಿವೆ. ಡ್ರೈ ಸರ್ವಿಸ್ ಎಂದರೆ ಜರಡಿ ತೊಳೆದು ಬ್ರಷ್ ಆಡಿಸುವುದು. ವೆಟ್ ಸರ್ವಿಸ್ ಅಥವಾ ಜೆಟ್ ಸರ್ವಿಸ್ ಎಂದರೆ ಘಟಕದ ಸುತ್ತ ಚೀಲ ಕಟ್ಟಿ, ಪಂಪಿನಿಂದ ಕಾಯಿಲ್ ಮತ್ತು ಬ್ಲೋವರಿಗೆ ನೀರು ಹೊಡೆಯುವುದು. ಒಳಗಾಳಿಯ ದೃಷ್ಟಿಯಿಂದ ಮೊದಲನೆಯದು ಮನೆಯವರೇ ಮಾಡಬಹುದಾದ ಕೆಲಸ, ಅದಕ್ಕೆ ಹಣ ತೆರುವುದು ದಂಡ. ಜರಡಿಯನ್ನು ಬಳಕೆಯ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆದು ನೆರಳಲ್ಲಿ ಒಣಗಿಸಿದರೆ ಸಾಕು. ಜೆಟ್ ಸರ್ವಿಸು ವರ್ಷಕ್ಕೊಮ್ಮೆ ಬೇಕು, ಬ್ಲೋವರಿನ ರೆಕ್ಕೆ ಚೊಕ್ಕವಾಗುವವರೆಗೆ ಬೇಕು, ಮತ್ತು ಅದಕ್ಕೆ ಮುನ್ನ ವಿದ್ಯುತ್ತನ್ನು ಎಂಸಿಬಿಯಲ್ಲೇ ಆರಿಸಿರಬೇಕು. ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಹೊರಟ ಮೇಲೆ, ಯುಗಾದಿಗೆ ಮುಂಚೆ, ಮೆಕ್ಯಾನಿಕ್ಕುಗಳ ಕೈ ಇನ್ನೂ ಖಾಲಿಯಿರುವಾಗ ಈ ಕೆಲಸ ಮುಗಿಸುವುದು ಜಾಣತನ. ಮಳೆ ಹಿಡಿದು ಏಸಿ ನಿಲ್ಲಿಸುವ ದಿನ ಬರೀ ಫ್ಯಾನ್ ಮೋಡಿನಲ್ಲಿ ಒಂದೆರಡು ಗಂಟೆ ಓಡಿಸಿ ಕಾಯಿಲ್ ಒಣಗಿಸಬೇಕು. ಇದಕ್ಕೆ ಕಾಸು ಖರ್ಚಿಲ್ಲ, ಆದರೂ ಮಾಡುವವರು ವಿರಳ. ಮುಂದಿನ ನಾಲ್ಕು ತಿಂಗಳು ಒದ್ದೆ ಕಾಯಿಲ್ ಕತ್ತಲೆಯಲ್ಲಿ ಕೂರುವುದನ್ನು ತಪ್ಪಿಸುವ ಉಪಾಯ ಅದೇ.

"ಗ್ಯಾಸ್ ಕಡಿಮೆಯಾಗಿದೆ" ಎಂಬ ಮಾತಿನ ಬಗ್ಗೆ ಒಂದು ಎಚ್ಚರ. ಏಸಿಯೊಳಗಿನ ಅನಿಲ ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತದೆ, ಸ್ಕೂಟರಿನ ಪೆಟ್ರೋಲಿನ ಹಾಗೆ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಸೋರಿಕೆಯಿದೆ ಎಂದರ್ಥ. ಸೋರಿಕೆ ಹುಡುಕದೆ ಪ್ರತಿ ಬೇಸಿಗೆ ತುಂಬಿಸುವುದು ಮನೆಯವರಿಗೂ ವಾತಾವರಣಕ್ಕೂ ನಷ್ಟ. ಇಂದಿನ ಹೆಚ್ಚಿನ ಹೊಸ ಏಸಿಗಳಲ್ಲಿರುವ ಆರ್-32 ಅನಿಲದ ಭೂಮಿ ಬಿಸಿಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡಿನ 675 ಪಟ್ಟು, ಹಿಂದಿನ ಆರ್-410ಎಯದು 2,088 ಪಟ್ಟು. ಆರ್-32 ಅಷ್ಟಿಷ್ಟು ಹೊತ್ತಿಕೊಳ್ಳುವ ಗುಣದ್ದು, ಪ್ರೋಪೇನ್ ಆಗಿರುವ ಆರ್-290 ಚೆನ್ನಾಗಿಯೇ ಹೊತ್ತಿಕೊಳ್ಳುತ್ತದೆ. ಯಾವ ಅನಿಲದ ಯಂತ್ರವೆಂದು ಫಲಕ ನೋಡದೆ ಕೈಹಾಕುವ ಮೆಕ್ಯಾನಿಕ್‌ನನ್ನು ಬಾಗಿಲಲ್ಲೇ ಬೀಳ್ಕೊಡುವುದು ಒಳ್ಳೆಯದು.

ಏಸಿಯ ಮೇಲೆ ಹೊರಿಸುವ ಎಲ್ಲ ದೋಷವೂ ಅದರದ್ದಲ್ಲ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮಾವೇಶಕ್ಕೆ ಬಂದವರನ್ನು ಕೊಂದ ಲೀಜಿಯೊನೆಲ್ಲ ಬ್ಯಾಕ್ಟೀರಿಯ ದೊಡ್ಡ ಕಟ್ಟಡಗಳ ಕೂಲಿಂಗ್ ಟವರುಗಳಲ್ಲಿ, ಬೆಚ್ಚನೆಯ ನೀರನ್ನು ತುಂತುರಾಗಿಸುವ ಕಡೆ ಬೆಳೆಯುವಂಥದ್ದು. ಮನೆಯ ಸ್ಪ್ಲಿಟ್ ಏಸಿಯಲ್ಲಿ ಅಂಥ ಬೆಚ್ಚನೆಯ ನೀರಿಲ್ಲ. ನಿಜವಾದ ದೋಷ ಬೇರೆ: ಅದು ಕೋಣೆಯ ಗಾಳಿಯನ್ನೇ ತಿರುಗಿಸಿ ತಿರುಗಿಸಿ ಕೊಡುತ್ತದೆ. ಹೊರಗೆ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ ಸುಮಾರು 420 ಪಾಲು. ಹತ್ತಡಿ ಹನ್ನೆರಡಡಿಯ ಕೋಣೆಯಲ್ಲಿ ಬಾಗಿಲು ಭದ್ರವಾಗಿ ಮುಚ್ಚಿ ಇಬ್ಬರು ಮಲಗಿದರೆ ಬೆಳಗಿನ ಹೊತ್ತಿಗೆ ಅದು 2,000 ದಾಟುವುದು ಸಾಮಾನ್ಯ. ಎದ್ದಾಗ ತಲೆಭಾರ ಎನ್ನುವವರು ತಂಪನ್ನು ದೂರುತ್ತಾರೆ. ಕಿಟಕಿಯನ್ನು ಎರಡು ಬೆರಳಗಲ ತೆರೆದು ಮಲಗಿ ನೋಡಲಿ. ಸರ್ಕಾರದ ನಿಯಮದಂತೆ 2020ರ ಜನವರಿಯಿಂದ ಹೊಸ ಏಸಿಗಳು ಆನ್ ಮಾಡಿದಾಗ 24 ಡಿಗ್ರಿಗೇ ಹೊಂದಿಕೊಂಡಿರುತ್ತವೆ. 26ಕ್ಕೆ ಏರಿಸಿ, ಫ್ಯಾನು ಹಾಕಿ, ಕಿಟಕಿಯ ಸಂದು ಬಿಟ್ಟರೂ ಪುಣೆಯ ರಾತ್ರಿಗೆ ಬೇಕಾದಷ್ಟು ತಂಪಿರುತ್ತದೆ. ಏಪ್ರಿಲ್‌ನಲ್ಲೂ ಇಲ್ಲಿ ಮಧ್ಯರಾತ್ರಿ ದಾಟಿದರೆ ಹೊರಗೆ ತಣ್ಣಗಾಗುತ್ತದೆ.

ಔಟ್‌ಡೋರ್ ಯೂನಿಟ್ಟಿನ ಹಿಂದೆ ಪುಣೆಯ ಪಾರಿವಾಳಗಳು ಸಂಸಾರ ಹೂಡುತ್ತವೆ. ಆ ಘಟಕದಿಂದ ಗಾಳಿ ಒಳಗೆ ಬಾರದು, ಪಕ್ಕದ ಕಿಟಕಿಯಿಂದ ಬರುತ್ತದೆ. ಒಣಗಿದ ಹಿಕ್ಕೆ ಮತ್ತು ಗರಿಯ ಧೂಳು ಅಲರ್ಜಿಯಿಂದ ಶ್ವಾಸಕೋಶ ಬಾವು ಬರುವ ಒಂದು ಕಾಯಿಲೆಗೆ ಕಾರಣವೆಂದು ವೈದ್ಯರು ಬಹುಕಾಲದಿಂದ ಬಲ್ಲರು. ಹಿಕ್ಕೆಯನ್ನು ಒಣಗಿದಂತೆ ಗುಡಿಸಬಾರದು. ನೀರು ಚಿಮುಕಿಸಿ, ಮೂಗಿಗೆ ಎನ್-95 ಕಟ್ಟಿ, ಒದ್ದೆಯಾಗಿಯೇ ಬಳಿದು ತೆಗೆಯಬೇಕು.

ಕೂಲರ್

ಕೂಲರಿನ ಗುಣ ಏಸಿಗೆ ತೀರ ವಿರುದ್ಧ. ಅದು ಹೊರಗಾಳಿಯನ್ನೇ ಒದ್ದೆ ಪ್ಯಾಡಿನ ಮೂಲಕ ಎಳೆದು ಒಳಗೆ ತಳ್ಳುತ್ತದೆ, ಹಾಗಾಗಿ ಉಸಿರುಗಾಳಿಯ ಕೊರತೆ ಇಲ್ಲ. 38 ಡಿಗ್ರಿ, ಶೇ 20 ತೇವದ ಪುಣೆಯ ಏಪ್ರಿಲ್ ಮಧ್ಯಾಹ್ನ ಒಳ್ಳೆಯ ಪ್ಯಾಡಿನ ಕೂಲರ್ 25 ಡಿಗ್ರಿಯ ಆಸುಪಾಸಿನ ಗಾಳಿ ಕೊಡಬಲ್ಲದು. ಅದೇ ಕೂಲರ್ ಜುಲೈನಲ್ಲಿ ಎರಡು ಡಿಗ್ರಿ ಇಳಿಸಿದರೆ ಹೆಚ್ಚು. ಕೋಣೆಯನ್ನು ಬಚ್ಚಲು ಮಾಡುತ್ತದೆ ಅಷ್ಟೆ. ಮಂಗಳೂರಿನವರು ಇದನ್ನು ವರ್ಷವಿಡೀ ಬಲ್ಲರು, ಕಲಬುರಗಿ ರಾಯಚೂರಿನವರಿಗೆ ಮನವರಿಕೆಯಾಗುವುದು ಪುಣೆಯ ಮೊದಲ ಮಳೆಗಾಲದಲ್ಲಿ.

ಕೂಲರಿನ ಮೇಲಿರುವ ಗಂಭೀರ ಆಕ್ಷೇಪ ವೈದ್ಯಕೀಯದ್ದು. ಶ್ವಾಸಕೋಶದ ತೆರಪಿನ ಅಂಗಾಂಶ ಗಡುಸಾಗುವ ಕಾಯಿಲೆಗಳ ಬಗ್ಗೆ 2012ರ ಮಾರ್ಚ್‌ನಿಂದ 2015ರ ಜೂನ್‌ವರೆಗೆ ದೇಶದ 19 ನಗರಗಳ 27 ಕೇಂದ್ರಗಳಲ್ಲಿ ದಾಖಲಾತಿ ನಡೆಯಿತು. ಸೇರಿದ 1,084 ರೋಗಿಗಳಲ್ಲಿ ಶೇ 47.3 ಮಂದಿಗೆ ಇದ್ದದ್ದು ಉಸಿರಿನಲ್ಲಿ ಸೇರುವ ಕಣಗಳಿಗೆ ಶ್ವಾಸಕೋಶ ತಿರುಗಿ ಬೀಳುವ ಬಗೆ. ಅವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಕೂಲರ್ ಗಾಳಿಗೆ ಒಡ್ಡಿಕೊಂಡವರು. 2017ರಲ್ಲಿ ಪ್ರಕಟವಾದ ಈ ಅಂಕಿಯಿಂದ ಕೂಲರೇ ಕಾರಣವೆಂದು ಸಾಬೀತಾಗದು. ಆದರೆ ಬೂಷ್ಟು ಹಿಡಿದ ಪ್ಯಾಡಿನ ಮುಂದೆ ರಾತ್ರಿಯಿಡೀ ಮಲಗುವುದನ್ನು ಹಗುರಾಗಿ ಕಾಣುವ ಹಾಗಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಹುಲ್ಲಿನಂಥ ಮರದ ಎಳೆಯ ಪ್ಯಾಡು ಒಂದು ಬೇಸಿಗೆಗೆ ಮಾತ್ರ. ಮರುವರ್ಷ ಅದನ್ನೇ ಒದ್ದೆ ಮಾಡಿ ಹಾಕುವುದು ಹಣ ಉಳಿಸುವ ದಾರಿಯಲ್ಲ. ಜೇನುಗೂಡಿನಂತಿರುವ ಕಾಗದದ ಹನಿಕೋಂಬ್ ಪ್ಯಾಡು ಕೆಲವು ವರ್ಷ ಬಾಳುತ್ತದೆ, ನೀರು ಮೆದುವಾಗಿದ್ದರೆ. ಖಡಕವಾಸಲಾ ಅಣೆಕಟ್ಟುಗಳ ನೀರು ಬರುವ ಹಳೆಯ ಬಡಾವಣೆಗಳಲ್ಲಿ ತೊಂದರೆ ಕಡಿಮೆ. ಟ್ಯಾಂಕರು, ಬೋರ್‌ವೆಲ್ ನಂಬಿದ ಹೊರವಲಯದ ಸೊಸೈಟಿಗಳಲ್ಲಿ ಗಡಸು ನೀರು ಆವಿಯಾಗಿ ಉಳಿದ ಸುಣ್ಣ ಪ್ಯಾಡಿನ ಕಣ್ಣು ಮುಚ್ಚುತ್ತದೆ. ಟ್ಯಾಂಕಿಗೆ ಮೇಲಿಂದ ಮೇಲೆ ನೀರು ತುಂಬುತ್ತಾ ಹೋದರೆ ಲವಣ ಗಟ್ಟಿಯಾಗುತ್ತಲೇ ಇರುತ್ತದೆ. ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ತಳ ಉಜ್ಜಿ, ಬಿಸಿಲಿಗೆ ಒಣಗಿಸಬೇಕು. ವಾರ ಎಂಬ ಲೆಕ್ಕಕ್ಕೆ ಇನ್ನೊಂದು ಕಾರಣ ಡೆಂಗಿ ಸೊಳ್ಳೆ: ಈಡಿಸ್ ಮೊಟ್ಟೆ ಹಾರುವ ಸೊಳ್ಳೆಯಾಗಲು ಹೆಚ್ಚುಕಡಿಮೆ ಏಳೆಂಟು ದಿನ ಸಾಕು. 2024ರ ಜೂನ್‌ನಲ್ಲಿ ಎರಂಡವಣೆಯಲ್ಲಿ ಜೀಕಾ ಕಾಣಿಸಿಕೊಂಡಾಗ ಪಾಲಿಕೆಯವರು ಮನೆಮನೆಯ ನಿಂತ ನೀರಿನಲ್ಲಿ ಹುಡುಕಿದ್ದೂ ಇದೇ ಸೊಳ್ಳೆಯ ಮರಿಯನ್ನು.

ಗೀಸರ್

ಈ ಲೇಖನದ ಯಂತ್ರಗಳಲ್ಲಿ ನೇರವಾಗಿ ಪ್ರಾಣಕ್ಕೇ ಸಂಚಕಾರ ತರುವುದು ಗ್ಯಾಸ್ ಗೀಸರ್. ವಾಡೆಯ ಕಾಲದಲ್ಲಿ ನೀರು ಕಾಯುತ್ತಿದ್ದುದು ತಾಮ್ರದ ಬಂಬಿನಲ್ಲಿ, ನಮ್ಮ ಕಡೆಯ ಹಂಡೆಯ ಹಾಗೆ. ಹೊಗೆ ಕಣ್ಣಿಗೆ ಕಾಣುತ್ತಿತ್ತು, ಹೊರಗೆ ಹೋಗಲು ಜಾಗವಿತ್ತು. ಗ್ಯಾಸ್ ಗೀಸರಿನ ನೀಲಿ ಜ್ವಾಲೆಯಲ್ಲಿ ಹೊಗೆ ಕಾಣದು. ನಿಮಿಷಕ್ಕೆ ಐದಾರು ಲೀಟರ್ ಕೊಡುವ ಗೀಸರಿನ ಬರ್ನರ್ ಸುಮಾರು 10 ಕಿಲೋವ್ಯಾಟಿನದು, ಅಂದರೆ ಅಡುಗೆ ಒಲೆಯ ನಾಲ್ಕೈದು ಬರ್ನರುಗಳಿಗೆ ಸಮ. ಅದಕ್ಕೆ ಗಂಟೆಗೆ ಕನಿಷ್ಠ ಹತ್ತು ಘನಮೀಟರ್ ಗಾಳಿ ಬೇಕು. ಪುಣೆಯ ಫ್ಲಾಟಿನ ಬಚ್ಚಲಲ್ಲಿ ಒಟ್ಟು ಗಾಳಿಯೇ ಏಳೆಂಟು ಘನಮೀಟರ್. ಚಳಿಯೆಂದು ಕಿಟಕಿಯ ಗಾಜಿನ ಪಟ್ಟಿಗಳನ್ನು ಮುಚ್ಚಿಕೊಂಡು ಒಬ್ಬರ ಹಿಂದೊಬ್ಬರು ಸ್ನಾನ ಮಾಡಿದರೆ ಆಮ್ಲಜನಕ ಇಳಿಯುತ್ತದೆ, ಅರೆಬರೆ ಉರಿದ ಅನಿಲ ಇಂಗಾಲದ ಮಾನಾಕ್ಸೈಡ್ ಉಗುಳುತ್ತದೆ. ರಕ್ತದ ಹಿಮೋಗ್ಲೋಬಿನ್ ಇದನ್ನು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಹಿಡಿದುಕೊಳ್ಳುತ್ತದೆ. ಸಿಲಿಂಡರಿನ ಅನಿಲಕ್ಕೆ ಬೇಕೆಂದೇ ವಾಸನೆ ಸೇರಿಸಿರುತ್ತಾರೆ. ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆಸುತ್ತು, ವಾಕರಿಕೆ, ಕಾಲು ಸೋತಂತಾಗುವುದು, ಆಮೇಲೆ ಚಿಲಕ ತೆಗೆಯಲೂ ಆಗದ ಸ್ಥಿತಿ. ಚಳಿಗಾಲದಲ್ಲಿ ಮಹಾರಾಷ್ಟ್ರ, ಕರ್ನಾಟಕಗಳ ಪತ್ರಿಕೆಗಳಲ್ಲಿ ಬಚ್ಚಲುಮನೆಯ ಸಾವಿನ ಸುದ್ದಿ ಮತ್ತೆ ಮತ್ತೆ ಬರುವುದು ಹೀಗೆ.

ಆದ್ದರಿಂದ ಇಲ್ಲಿ ನಿರ್ವಹಣೆಗಿಂತ ಜಾಗ ಮುಖ್ಯ. ಗ್ಯಾಸ್ ಗೀಸರ್ ಬಚ್ಚಲೊಳಗೆ ಇರಲೇಬಾರದು; ತೆರೆದ ಡ್ರೈ ಬಾಲ್ಕನಿಯಲ್ಲಿಟ್ಟು ಬಿಸಿನೀರನ್ನಷ್ಟೇ ಕೊಳವೆಯಲ್ಲಿ ತರಬೇಕು. ಆ ಬಾಲ್ಕನಿಗೆ ಗಾಜು ಹಾಕಿಸುವ ದಿನವೇ ಗೀಸರನ್ನೂ ಬದಲಿಸಬೇಕು. ವರ್ಷಕ್ಕೊಮ್ಮೆ, ದೀಪಾವಳಿಗೆ ಮೊದಲು, ಬರ್ನರ್ ಬಿಚ್ಚಿ ತೊಳೆಸಬೇಕು. ಜ್ವಾಲೆ ಹಳದಿಯಾಗಿ ಕುಣಿದರೆ, ಮೇಲಿನ ತಗಡಿನಲ್ಲಿ ಮಸಿ ಕಂಡರೆ ಅಂದೇ ನಿಲ್ಲಿಸಬೇಕು. ಯಾರಾದರೂ ಕುಸಿದು ಬಿದ್ದರೆ ಮೊದಲು ಬಾಗಿಲು ತೆರೆದು ಅನಿಲ ಆರಿಸಿ, ಅವರನ್ನು ಬಯಲು ಗಾಳಿಗೆ ತಂದು 108ಕ್ಕೆ ಕರೆಮಾಡಬೇಕು; ಆಸ್ಪತ್ರೆಯ ಚಿಕಿತ್ಸೆ ಮೊದಲಿಗೆ ಶುದ್ಧ ಆಮ್ಲಜನಕ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಶೇಗಡಿ ಇಟ್ಟು ಮಲಗುವುದಕ್ಕೂ ಇದೇ ಎಚ್ಚರಿಕೆ ಅನ್ವಯ.

ವಿದ್ಯುತ್ ಗೀಸರಿನಿಂದ, ಸೌರ ಗೀಸರಿನಿಂದ ಗಾಳಿಗೆ ಈ ಭಯವಿಲ್ಲ. ಸೌರ ಗೀಸರ್ ಅಳವಡಿಸಿದ ಮನೆಗಳಿಗೆ ಪುಣೆ ಮಹಾನಗರಪಾಲಿಕೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತಾ ಬಂದಿದೆ. ಮೋಡ ಮುಸುಕಿದ ವಾರಗಳಲ್ಲಿ ಟ್ಯಾಂಕಿನ ನೀರು 25–45 ಡಿಗ್ರಿಯಲ್ಲೇ ನಿಂತರೆ ಲೀಜಿಯೊನೆಲ್ಲಕ್ಕೆ ಅನುಕೂಲ. ವಿದ್ಯುತ್ ಕಾಯಿಲಿನಿಂದ ಆಗಾಗ 60 ಡಿಗ್ರಿಗೆ ಏರಿಸಬೇಕು.

ಕಿಟಕಿಯ ವೇಳೆ

ದೇಶದ ಮಾನದಂಡದಂತೆ ಪಿಎಂ 2.5 ಕಣಗಳ ವಾರ್ಷಿಕ ಮಿತಿ ಘನಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಳಿಸಿದ ಮಿತಿ 5. 2019ರ ರಾಷ್ಟ್ರೀಯ ಶುದ್ಧಗಾಳಿ ಯೋಜನೆಯ ಪಟ್ಟಿಯಲ್ಲಿ ಪುಣೆಯೂ ಇದೆ. ಪುಣೆಯ ಪಾಷಾಣ ಬಡಾವಣೆಯಲ್ಲಿರುವ ಉಷ್ಣವಲಯ ಪವನವಿಜ್ಞಾನ ಸಂಸ್ಥೆ 2010ರಲ್ಲಿ ದೆಹಲಿಗೆಂದು ರೂಪಿಸಿದ ಸಫರ್ ಮುನ್ಸೂಚನೆ ವ್ಯವಸ್ಥೆ 2013ರಲ್ಲಿ ಸ್ವಂತ ಊರಿಗೂ ಬಂತು. ಅಂಕಿ ನೋಡಿ ಕಿಟಕಿ ತೆರೆಯುವವರು ಕಾಲಕ್ಕೆ ತಕ್ಕಂತೆ ವೇಳೆ ಬದಲಿಸಬೇಕು: ಬೇಸಿಗೆಯಲ್ಲಿ ನಸುಕು, ಚಳಿಗಾಲದಲ್ಲಿ ಅದಕ್ಕೆ ತದ್ವಿರುದ್ಧವಾಗಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕು. ಚಳಿಗಾಲದ ಬೆಳಗಿನ ತಾಜಾ ಗಾಳಿ ಎಂಬ ನಂಬಿಕೆ ಈ ಊರಿನಲ್ಲಿ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಹೊರಗಾಳಿ ಕಣಗಳಿಂದ ತೊಳೆದುಕೊಂಡಿರುತ್ತದೆ, ತೇವದಿಂದ ಭಾರವಾಗಿರುತ್ತದೆ. ಆಗ ಬಚ್ಚಲು, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು ಓಡಿಸುತ್ತಾ, ಗೋಡೆ ಬೆವರುವ ದಿನ ಏಸಿಯ ಡ್ರೈ ಮೋಡ್ ಬಳಸುತ್ತಾ ಒಳಗಿನ ತೇವವನ್ನು ಶೇ 60ರ ಕೆಳಗೆ ತರಲು ನೋಡಬೇಕು.

ಏಸಿಯ ಜರಡಿ ಪಿಎಂ 2.5 ಕಣವನ್ನು ತಡೆಯದು. ಅದಕ್ಕೆ ಹೆಪಾ ಫಿಲ್ಟರಿನ ಏರ್ ಪ್ಯೂರಿಫೈಯರ್ ಬೇಕು. ಪ್ಯೂರಿಫೈಯರ್ ಕೊಂಡು ಅದರ ಪಕ್ಕದಲ್ಲೇ ಸೊಳ್ಳೆಬತ್ತಿ ಹಚ್ಚುವ ಮನೆಗಳೂ ಉಂಟು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಒಂದು ಸೊಳ್ಳೆಬತ್ತಿಯಿಂದ ಹೊಮ್ಮುವ ಪಿಎಂ 2.5 ಪ್ರಮಾಣ 75ರಿಂದ 137 ಸಿಗರೇಟಿಗೆ ಸಮವೆಂದು ಲೆಕ್ಕ ಹಾಕಿತು. ಪುಣೆಯ ಶ್ವಾಸಕೋಶ ತಜ್ಞ ಸಂದೀಪ್ ಸಾಳ್ವಿ ಈ ಹೋಲಿಕೆಯನ್ನು ಜನರ ಬಾಯಿಗೆ ತಂದವರಲ್ಲಿ ಒಬ್ಬರು. ಸಿಗರೇಟು ಮುಟ್ಟದವರಿಗೆ ಬರುವ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶ ಕಾಯಿಲೆ ಕುರಿತು ಪೀಟರ್ ಬಾರ್ನ್ಸ್ ಜೊತೆ ಅವರು ಬರೆದ ಲೇಖನ 2009ರ ಲ್ಯಾನ್ಸೆಟ್‌ನಲ್ಲಿ ಬಂತು. ದೇವರ ಮನೆಯ ಊದುಬತ್ತಿ, ಧೂಪಕ್ಕೂ ಲೆಕ್ಕ ಬೇರೆಯಲ್ಲ. ಅವನ್ನು ಬಿಡಿ ಎಂದು ಯಾರೂ ಹೇಳಲಾರರು, ಹಚ್ಚುವ ಹೊತ್ತಿಗೆ ಏಸಿ ಆರಿಸಿ ಕಿಟಕಿ ತೆರೆಯಿರಿ ಎನ್ನಬಹುದು. ಒಗ್ಗರಣೆಯ ಹೊಗೆಗೆ ಅಡುಗೆಮನೆಯ ಚಿಮಣಿ ಇದ್ದರೂ ಅದರ ಕೊಳವೆ ಹೊರಗೆ ಹೋಗಿರದಿದ್ದರೆ, ಇದ್ದಿಲಿನ ಫಿಲ್ಟರ್ ದಾಟಿದ್ದೆಲ್ಲ ಒಂದಷ್ಟು ಹೊತ್ತಿನಲ್ಲಿ ಮಲಗುವ ಕೋಣೆಯ ಏಸಿ ಕಾಯಿಲಿನ ಮೇಲೆ ಜಿಡ್ಡಾಗಿ ಕೂರುತ್ತದೆ.